ನೀಲಿಗೆ ಒಪ್ಪದ ಕೋಟು

ಬೆಳಕಿನ್ನೂ ಪೈನ್ ಮರಗಳ ತುದಿಯಲ್ಲೇ ಇದೆ. ಸ್ಪೇ ನದಿಯ ದಂಡೆಯ ಮರದ ಮಿಲ್ಲಿನಲ್ಲಿ ನೆಟ್ಟಾ ರೆನ್ನಿ ಆಗಲೇ ಗರಗಸದ ಹಲ್ಲಿಗೆ ಅರ ಹಾಕುತ್ತಿದ್ದಾಳೆ. ಗಂಡಸರು ಬರುವಷ್ಟರಲ್ಲಿ ಹತ್ತು-ಹನ್ನೆರಡು ಗರಗಸ ಸಿದ್ಧವಾಗಿರಬೇಕು. ಮೊಂಡಾಗಿದ್ದರೆ ಬೈಯುವವರುಂಟು, ಹರಿತವಾಗಿದ್ದರೆ ಯಾರೂ ಮಾತಾಡುವುದಿಲ್ಲ.

"ಗರಗಸ ಮಸೀತಾ ಇದೀಯೋ, ನಾಲಗೆ ಮಸೀತಾ ಇದೀಯೋ?" ಚಹಾ ಹಿಡಿದು ಬಂದ ಇಷ್ಬೆಲ್ ಗೆಡ್ಡಿಸ್ ಬಾಗಿಲಲ್ಲೇ ಕೆಣಕುತ್ತಾಳೆ. ಮಿಲ್ಲಿನ ಅಡುಗೆ ಅವಳದು. ಯುದ್ಧಕಾಲದಲ್ಲಿ ಇಬ್ಬರೂ ಜೋಡಿಯಾಗಿ ಮರ ಕೊಯ್ದವರು.

"ನಾಲಗೆಗೆ ನೀನಿದೀಯಲ್ಲೇ, ಸಾಕು."

ಡಂಡೀ ಊರಿನ ಸೆಣಬಿನ ಮಿಲ್ಲು ಬಿಟ್ಟು ಕಾಡಿಗೆ ಬಂದಾಗ ನೆಟ್ಟಾಳಿಗೆ ಹತ್ತೊಂಬತ್ತು. ಗಂಡಸರು ಯುದ್ಧಕ್ಕೆ ಹೋಗಿದ್ದರು, ಕಲ್ಲಿದ್ದಲ ಗಣಿಗಳಿಗೆ ಆಸರೆಗಂಬ ಬೇಕಿತ್ತು. ಸರ್ಕಾರ ಹುಡುಗಿಯರ ದಳ ಕಟ್ಟಿ ಹಸಿರು ಸ್ವೆಟರ್, ಮೊಣಕಾಲುದ್ದದ ಷರಾಯಿ, ಮರದ ಚಿತ್ರದ ಬಿಲ್ಲೆಯಿದ್ದ ಟೋಪಿ, ಕಂದು ಉಣ್ಣೆಯ ಕೋಟು ಕೊಟ್ಟಿತು. ಮಳೆಯಲ್ಲಿ ನೆನೆದರೆ ಆ ಕೋಟು ಕುರಿ ಹೊತ್ತಷ್ಟು ಭಾರ.

"ಹಲ್ಲುಕಡ್ಡಿ ಕಡೀರಮ್ಮ ಸಾಕು ಅಂತಿದ್ರು ಊರ ಗಂಡಸರು. ಒಂದು ಚಳಿಗಾಲ ಕಳೀತು, ಬಾಯಿ ಮುಚ್ಕೊಂಡ್ರು" ಎಂದು ನೆಟ್ಟಾ, ಅವರ ಕಥೆ ಬರೆದುಕೊಳ್ಳಲು ಬಂದ ನನ್ನತ್ತ ತಿರುಗಿ ನಗುತ್ತಾಳೆ.

ಯುದ್ಧ ಮುಗಿದ ಮರುವರ್ಷ ದಳವನ್ನು ಬರಖಾಸ್ತು ಮಾಡಿ, ಕೊಟ್ಟದ್ದನ್ನೆಲ್ಲ ವಾಪಸು ಕೇಳಿದರು. ಬೂಟು ಇಟ್ಟುಕೊಳ್ಳಬಹುದಿತ್ತು. ಕೋಟನ್ನೂ ಇಟ್ಟುಕೊಳ್ಳಬಹುದಿತ್ತು, ಕಡುನೀಲಿ ಬಣ್ಣ ಹಾಕಿಸಿದರೆ ಮಾತ್ರ. ಇಷ್ಬೆಲ್ ಬಟ್ಟೆ ಕುದಿಸುವ ಹಂಡೆಯಲ್ಲೇ ಅದ್ದಿ ತೆಗೆದಳು. ನೆಟ್ಟಾ ಮಾತ್ರ ಮಡಚಿ ಮೇಜಿನ ಮೇಲಿಟ್ಟು ಬಂದುಬಿಟ್ಟಳು.

"ಬಣ್ಣ ಬದಲಿಸಿ ಇಟ್ಕೋ ಅಂದ್ರೆ ಹೆಸರು ಬದಲಿಸ್ಕೊಂಡು ಬದುಕು ಅಂದಹಾಗಲ್ವಾ? ನನಗೆ ರೇಗಿಹೋಯ್ತು."

"ರೇಗಿದ್ದೂ ಇವಳಿಗೇ, ಚಳೀಲಿ ನಡುಗಿದ್ದೂ ಇವಳೇ" ಎನ್ನುತ್ತಾಳೆ ಇಷ್ಬೆಲ್.

ನಾಳೆ ಊರಿನ ಯುದ್ಧಸ್ಮಾರಕದ ಮುಂದೆ ಮೆರವಣಿಗೆ. ಇಷ್ಟು ವರ್ಷ ಇವರನ್ನು ಯಾರೂ ಕರೆದಿರಲಿಲ್ಲ. ಈ ಸಲ ಕರೆದಿದ್ದಾರೆ, ಆದರೆ ಸಮವಸ್ತ್ರದ ಒಂದು ತುಂಡಾದರೂ ಮೈಮೇಲಿರಬೇಕಂತೆ. ನೆಟ್ಟಾಳ ಬೂಟು ಎಂದೋ ಸವೆದುಹೋಗಿದೆ. ಬೇರೇನೂ ಅವಳಲ್ಲಿ ಉಳಿದಿಲ್ಲ.

"ನನ್ನ ಕೋಟು ಹಾಕ್ಕೊಳ್ಳೇ ಮಾರಾಯ್ತಿ. ಹೇಗೂ ನನಗೆ ಗುಂಡಿ ಸೇರಲ್ಲ. ಟೋಪಿ ಕಳೆದುಹೋಯ್ತು ಅಂತ ಸುಳ್ಳು ಹೇಳಿ ಉಳಿಸ್ಕೊಂಡಿದೀನಲ್ಲ, ನನಗೆ ಅದು ಸಾಕು."

"ಅದರ ಒಳಗೆ ನಿನ್ನ ಹೆಸರು ಹೊಲಿದಿದೆ. ಅದನ್ನ ಹಾಕ್ಕೊಂಡ್ರೆ ನೀನು ಎರಡು ಸಲ ನಡೆದಹಾಗೆ. ನಾನೆಲ್ಲಿ ನಡೆದೆ?"

ಆ ಕೋಟು ಅಲ್ಲೇ ಮೊಳೆಗೆ ತೂಗುತ್ತಿದೆ. ಮೊಣಕೈ, ಜೇಬು, ಕತ್ತಿನ ಪಟ್ಟಿಯಲ್ಲಿ ನೀಲಿ ತೊಳೆದುಹೋಗಿ ಒಳಗಿನ ಕಂದು ಮೇಲೆ ಬಂದಿದೆ. ನೆಟ್ಟಾ ಅದರ ತೋಳನ್ನು ಹೆಬ್ಬೆರಳಲ್ಲಿ ಉಜ್ಜುತ್ತಾಳೆ.

"ಬಣ್ಣ ಹೋಗುತ್ತೆ, ಉಣ್ಣೆ ಉಳಿಯುತ್ತೆ. ಆವತ್ತು ಯಾರಾದ್ರೂ ಒಂದು ಮಾತು ಹೇಳಬಾರದಿತ್ತಾ?"

ಹಾಗಾದರೆ ನಾಳೆ ಏನು ಮಾಡುತ್ತೀರಿ ಎಂದು ನೆಟ್ಟಾಳನ್ನು ಕೇಳುತ್ತೇನೆ.

"ಬೇಲಿ ಪಕ್ಕ ನಿಂತು ನೋಡ್ತೀನಿ. ಸಾಲಲ್ಲಿ ಎಡಗಡೆ ಒಬ್ಬರ ಜಾಗ ಬಿಟ್ಟು ನಡಿ ಅಂತ ಇವಳಿಗೆ ಹೇಳಿದೀನಿ. ಅಷ್ಟು ಮಾಡಿದ್ರೆ ಸಾಕು."