ಹತನಾಕಾ ಅವರ ಉಳಿದ ಎಂಟು ಸಾಲು

ಹತನಾಕಾ ಇಕುಯೊ ನಮ್ಮ ಕಂಪನಿಗೆ ಸೇರಿದಾಗ ಅವರನ್ನು ಕೂರಿಸಲು ಜಾಗವಿರಲಿಲ್ಲ. ಒಸಾಕಾದ ಜೂಸೊ ಸ್ಟೇಷನ್ನಿನ ಹಿಂದೆ, ಉದೋನ್ ಶಾವಿಗೆ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ನಾವು ಹನ್ನೊಂದು ಜನ ವಿಡಿಯೊ ಗೇಮ್ ಮಾಡುತ್ತಿದ್ದೆವು. ಸಂಗೀತ ಕಾಲೇಜಿನಲ್ಲಿ ಪಿಯಾನೊ ಕಲಿತು ಬಂದ ಇಪ್ಪತ್ತೇಳರ ಹೆಣ್ಣುಮಗಳಿಗೆ ನಾವು ಕೊಟ್ಟದ್ದು ಜೆರಾಕ್ಸ್ ಯಂತ್ರದ ಪಕ್ಕದ ಅರ್ಧ ಮೇಜು. ಇದು ೧೯೮೬ರ ಮಾತು. ನಾನು ಒಕಿತಾ, ಅಲ್ಲಿ ಪ್ರೋಗ್ರಾಂ ಬರೆಯುತ್ತಿದ್ದವನು. ಈಗ ಮಂಡಿ ನೋವಿನವನು.

ಸಂಗೀತ ಮಾಡುವುದೆಂದರೆ ಜನ ಏನೇನೋ ಅಂದುಕೊಳ್ಳುತ್ತಾರೆ. ಹತನಾಕಾ ಅವರ ಕೆಲಸ ನೋಡಿದ್ದರೆ ಗುಮಾಸ್ತಿಕೆ ಅಂದುಕೊಳ್ಳುತ್ತಿದ್ದರು. ಮೊದಲು ಹಾಳೆಯ ಮೇಲೆ ಸ್ವರ ಬರೆಯಬೇಕು. ಆಮೇಲೆ ಒಂದೊಂದು ಸ್ವರವನ್ನೂ ಅಂಕಿಯಾಗಿಸಬೇಕು, ಎತ್ತರಕ್ಕೊಂದು, ಉದ್ದಕ್ಕೊಂದು. ಆ ಅಂಕಿಗಳನ್ನು ಕಂಪ್ಯೂಟರಿಗೆ ಹೊಡೆದು, ಚಿಪ್ಪಿಗೆ ಇಳಿಸಿ, ಚಿಪ್ಪನ್ನು ಆಟದ ಯಂತ್ರಕ್ಕೆ ಸಿಕ್ಕಿಸಿ, ಹದಿನಾಲ್ಕು ಇಂಚಿನ ಟೀವಿಯಲ್ಲಿ ಕೇಳಬೇಕು. ಒಂದು ಸ್ವರ ತಪ್ಪಿತೋ, ಚಿಪ್ಪನ್ನು ಕಿತ್ತು ನೇರಳೆ ಬೆಳಕಿನ ಡಬ್ಬಿಯಲ್ಲಿಟ್ಟು ಇಪ್ಪತ್ತು ನಿಮಿಷ ಕಾಯಬೇಕು. ಆ ಬೆಳಕಿಗೆ ಚಿಪ್ಪಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತಿತ್ತು. ಮತ್ತೆ ಮೊದಲಿನಿಂದ. ಕಾಯುವ ಹೊತ್ತಿನಲ್ಲಿ ಅವರು ಊಟದ ಡಬ್ಬಿ ಬಿಚ್ಚಿ ಅನ್ನದ ನಡುವಿನ ಉಪ್ಪು ಹಾಕಿದ ಉಮೆಬೋಶಿ ಕಾಯಿ ತಿನ್ನುತ್ತಿದ್ದರು. ಎರಡನೇ ವಾರಕ್ಕೇ ಅವರ ಹೆಸರು ಉಮೆಬೋಶಿ ಆಯಿತು. ಆಟದ ಕೊನೆಯಲ್ಲಿ ಬರುವ, ಆಟ ಮಾಡಿದವರ ಪಟ್ಟಿಯಲ್ಲೂ ಅದೇ ಹೆಸರು. ಬೇರೆ ಕಂಪನಿಯವರು ಒಳ್ಳೆಯವರನ್ನು ಎಳೆದುಕೊಂಡು ಹೋಗುತ್ತಾರೆಂದು ನಮ್ಮಲ್ಲಿ ಯಾರ ನಿಜ ಹೆಸರನ್ನೂ ಹಾಕುತ್ತಿರಲಿಲ್ಲ.

ಯಂತ್ರಕ್ಕೆ ಇದ್ದದ್ದು ಮೂರು ದನಿ, ಜೊತೆಗೆ ತಾಳಕ್ಕೆಂದು ಬುಸ್ಸೆನ್ನುವ ಒಂದು ಸದ್ದು. ಆಡುವವನು ಕತ್ತಿ ಬೀಸಿದಾಗೆಲ್ಲ ಆ ಕತ್ತಿಯ ಸದ್ದಿಗೆ ಒಂದು ದನಿ ಬಿಟ್ಟುಕೊಡಬೇಕಿತ್ತು. ಹಾಡು ನಡುವೆ ಕುಂಟುತ್ತಿತ್ತು. ಎಷ್ಟು ಒಳ್ಳೆಯದನ್ನು ಬರೆದರೂ ಯಾರೂ ಅದನ್ನು ಪೂರ್ತಿ ಕೇಳುವಂತಿರಲಿಲ್ಲ. ಆಟ ಮುಗಿದ ಮೇಲೆ ಮಾತ್ರ, ನಾಯಕ ಕಡಲ ದಡದಲ್ಲಿ ಸುಮ್ಮನೆ ನಿಂತಿರುವ ಚಿತ್ರದಲ್ಲಿ, ಕತ್ತಿ ಇರಲಿಲ್ಲ. ಆ ಒಂದು ಜಾಗಕ್ಕಾಗಿ ಹತನಾಕಾ ಅವರು ಹದಿನಾರು ಸಾಲಿನ ರಾಗ ಬರೆದರು. ಮೂರು ತಿಂಗಳು, ಬೇರೆ ಕೆಲಸದ ಸಂದಿಯಲ್ಲಿ.

ಆ ಹದಿನಾರು ಸಾಲನ್ನು ನಾನು ಒಂದೇ ಸಲ ಕೇಳಿದ್ದು. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಹೇಳಲಿಲ್ಲ, ನಮಗೆಲ್ಲ ಅಷ್ಟು ಸುಸ್ತಾಗಿತ್ತು.

ಚಿಪ್ಪು ಕಾರ್ಖಾನೆಗೆ ಹೋಗಲು ಎರಡು ದಿನವಿದ್ದಾಗ ಅದರೊಳಗೆ ಜಾಗ ಸಾಲಲಿಲ್ಲ. ಕೊನೆಯ ರಾಕ್ಷಸ ಸತ್ತ ಕೂಡಲೇ ಮುಂದಿನ ಚಿತ್ರ ಬಾರದೆ ಆಟ ನಿಂತುಬಿಡುತ್ತಿತ್ತು. ಅದನ್ನು ಸರಿಮಾಡಲು ನನಗೆ ಇನ್ನೂರು ಬೈಟ್ ಜಾಗ ಬೇಕಿತ್ತು. ಚಿತ್ರ ಬರೆಯುವವರನ್ನು ಕೇಳಿದೆ, ಅವರು ಕೊಡಲಿಲ್ಲ. ನಮ್ಮ ವಿಭಾಗದ ಮುಖ್ಯಸ್ಥ ಮಿಜೊಗುಚಿ ಸಿಗರೇಟು ಆರಿಸುತ್ತಾ ತೀರ್ಪು ಕೊಟ್ಟರು.

"ಕೊನೇತನಕ ಆಡೋರು ಎಷ್ಟು ಜನ ಇರ್ತಾರಮ್ಮಾ? ಅಲ್ಲಿಗೆ ಅರ್ಧ ಹಾಡು ಸಾಕು."

ಹತನಾಕಾ ಅವರು ಮಿಜೊಗುಚಿಯ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದರು. "ಆಟದ ತುಂಬಾ ನನ್ನ ಹಾಡನ್ನ ಕಡೀತಾನೇ ಇದೀರಿ. ಇದೊಂದನ್ನ ಬಿಟ್ಬಿಡಿ, ಒಕಿತಾ-ಸಾನ್. ಬೇರೆ ಎಲ್ಲಾದ್ರೂ ಇದೆಯಾ ನೋಡಿ."

ಎಲ್ಲ ಕಡೆ ನೋಡಿದ್ದೇನೆ ಎಂದೆ. ನಿಜವಾಗಿ ಹಾಗೇ ಅಂದುಕೊಂಡಿದ್ದೆ. ಅವರು ಅರ್ಧ ಮೇಜಿಗೆ ಹೋಗಿ ಕೂತು, ಒಂಬತ್ತನೇ ಸಾಲಿನಿಂದ ಕೊನೆಯವರೆಗೆ ಅಂಕಿಗಳನ್ನು ಅಳಿಸಿದರು. ಹದಿನಾರು ಸಾಲಿದ್ದ ಚಿಪ್ಪನ್ನು ನೇರಳೆ ಡಬ್ಬಿಗೆ ಹಾಕಿದವನು ನಾನೇ. ನಮ್ಮಲ್ಲಿ ಚಿಪ್ಪುಗಳು ಕಡಿಮೆ ಇದ್ದವು, ಅಳಿಸಿ ಮತ್ತೆ ಬಳಸುತ್ತಿದ್ದೆವು.

ಆಟ ಮಾರುಕಟ್ಟೆಗೆ ಹೋದ ವಾರ ನನ್ನ ಹಳೆಯ ಕಾಗದಗಳನ್ನು ಜೋಡಿಸುತ್ತಿದ್ದೆ. ಪರೀಕ್ಷೆ ಮಾಡುವಾಗ ಪದೇ ಪದೇ ಸಾಯುವುದು ಬೇಡವೆಂದು ನಾಯಕ ಸಾಯದಂತೆ ಪ್ರೋಗ್ರಾಮಿನ ಒಂದು ತುಣುಕು ಬರೆದುಕೊಂಡಿದ್ದೆ, ನನ್ನ ಅನುಕೂಲಕ್ಕೆ. ಕೊನೆಗೆ ತೆಗೆಯಬೇಕಿತ್ತು. ತೆಗೆದಿರಲಿಲ್ಲ, ಅದು ಚಿಪ್ಪಿನಲ್ಲೇ ಜಾಗ ಹಿಡಿದು ಕೂತಿತ್ತು. ಎಲ್ಲರ ಮೇಜಿನಲ್ಲೂ ಜಾಗ ಹುಡುಕಿದ ನಾನು ನನ್ನದನ್ನು ಬಿಟ್ಟು ಹುಡುಕಿದ್ದೆ. ಹೇಳಬೇಕೆಂದು ಅವರ ಮೇಜಿನತನಕ ಹೋಗಿ, ಜೆರಾಕ್ಸ್ ಮಾಡಿಕೊಂಡು ಬಂದೆ. ಹೇಡಿತನ, ಬೇರೇನೂ ಅಲ್ಲ. ಎರಡು ವರ್ಷದ ನಂತರ ಅವರು ಕೆಲಸ ಬಿಟ್ಟು, ಪಕ್ಕದ ಸಕಾಯಿ ಊರಿನಲ್ಲಿ ಮಕ್ಕಳಿಗೆ ಪಿಯಾನೊ ಹೇಳಿಕೊಡುತ್ತಾರೆಂದು ಕೇಳಿದೆ. ಕಂಪನಿ ಮುಚ್ಚಿತು. ಅವರು ಅಲ್ಲೇ ಬಿಟ್ಟುಹೋಗಿದ್ದ ಸ್ವರದ ಪುಸ್ತಕಗಳು ಕಸಕ್ಕೆ ಹೋದವು.

ಕಳೆದ ವಸಂತದಲ್ಲಿ ಅವರೇ ಫೋನ್ ಮಾಡಿದರು. ಹಳೆಯ ಆಟಗಳ ಸಂಗೀತ ನುಡಿಸುವ ತರುಣರ ಗುಂಪೊಂದು ಉಮೆಬೋಶಿ ಯಾರೆಂದು ಪತ್ತೆ ಹಚ್ಚಿತ್ತಂತೆ. ಕಡಲ ದಡದ ಹಾಡು ಅರ್ಧಕ್ಕೆ ನಿಂತು ಮತ್ತೆ ಮೊದಲಿಗೆ ಹೋಗುವುದೇಕೆ, ಉಳಿದದ್ದಿದ್ದರೆ ಪೂರ್ತಿ ನುಡಿಸುತ್ತೇವೆ ಎಂದು ಬರೆದಿದ್ದರಂತೆ. ನಿಮ್ಮ ಹತ್ತಿರ ಹಳೆಯ ಚಿಪ್ಪು ಇದೆಯಾ ಎಂದು ಕೇಳಿದರು. ಇರಲಿಲ್ಲ.

ಆದರೂ ಜೂಸೊದ ಕಾಫಿ ಅಂಗಡಿಯಲ್ಲಿ ಭೇಟಿಯಾದೆವು. ಅವರ ಕೂದಲು ಪೂರ್ತಿ ನರೆತಿತ್ತು. ಚೀಲದಿಂದ ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಒಂಬತ್ತನೇ ಸಾಲಿನಿಂದ ಮುಂದಕ್ಕೆ ಮೂವತ್ತು ಸಲ ಬರೆದು ನೋಡಿದ್ದರು. ಯಾವುದೂ ಅದಲ್ಲ ಎಂದರು. "ಇವೆಲ್ಲಾ ಅರವತ್ತೈದರ ಮುದುಕಿ ಬರೆದಿದ್ದು. ಆ ಹುಡುಗಿಗೆ ಮುಂದಿಂದು ಗೊತ್ತಿತ್ತು, ನನಗೆ ನೆನಪಾಗ್ತಿಲ್ಲ."

ಆಗ ಹೇಳಿಬಿಟ್ಟೆ. ಸಾಯದ ನಾಯಕನ ವಿಷಯ, ಅದನ್ನು ಕಂಡ ದಿನ, ಜೆರಾಕ್ಸ್ ಯಂತ್ರದತನಕ ಬಂದು ವಾಪಸಾದದ್ದು, ಎಲ್ಲ. ಅವರು ಹಾಳೆಗಳ ಅಂಚು ಸರಿಪಡಿಸುತ್ತಾ ಕೇಳಿದರು.

"ಆ ತುಣುಕು ಎಷ್ಟಿತ್ತು?"

"ಮುನ್ನೂರ ಹತ್ತು ಬೈಟ್."

"ನಿಮಗೆ ಬೇಕಾಗಿದ್ದು ಇನ್ನೂರು."

ಮೇಜಿಗೆ ಹಣೆ ತಾಗುವಷ್ಟು ಬಾಗಿದೆ. ಏನೋ ಕ್ಷಮೆಯ ಮಾತಾಡಿದೆ, ಯಾವ ಮಾತೆಂದು ನನಗೇ ನೆನಪಿಲ್ಲ. ತಲೆ ಎತ್ತಿದಾಗ ಅವರು ಕೋಟು ಹಾಕಿಕೊಂಡು ನಿಂತಿದ್ದರು. ಸಿಟ್ಟಾಗಿ ಕೂಗಿದ್ದರೆ ನನಗೆ ಹಗುರಾಗುತ್ತಿತ್ತು.

"ನಾನೇ ಉದ್ದ ಬರೆದು ಎಲ್ಲರಿಗೂ ತೊಂದರೆ ಕೊಟ್ಟೆ ಅಂದ್ಕೊಂಡಿದ್ದೆ," ಎಂದರು. "ಅದಾದ್ಮೇಲೆ ಯಾವ ಹೊಸ ಹಾಡನ್ನೂ ಎಂಟು ಸಾಲು ದಾಟಿ ನಾನು ಬರೆದಿಲ್ಲ, ಒಕಿತಾ-ಸಾನ್."