ಹರಳಣ್ಣನ ವರ್ಗಾವಣೆ

ಪ್ರಯೋಗಾಲಯದಲ್ಲಿ ಆತನನ್ನು ಎಲ್ಲರೂ ಹರಳಣ್ಣ ಎಂದೇ ಕರೆಯುತ್ತಿದ್ದರು. ಪ್ರೋಟೀನನ್ನು ಹರಳುಗಟ್ಟಿಸುವುದು ಆತನ ಕೆಲಸ. ಅದೇ ದ್ರಾವಣ, ಅದೇ ತಟ್ಟೆ ಕೊಟ್ಟರೂ ಡಾಕ್ಟರೇಟ್ ಪಡೆದವರ ಕೈಯಲ್ಲಿ ಗಸಿಯಾಗಿ ಕೂರುತ್ತಿದ್ದ ಪ್ರೋಟೀನು ಈತನ ಕೈಯಲ್ಲಿ ಸೂಜಿಮೊನೆಯಷ್ಟು ಹರಳಾಗಿ ಹೊಳೆಯುತ್ತಿತ್ತು. ಕೈಗುಣ ಎಂದು ಎಲ್ಲರೂ ಹೊಗಳಿದರು. ಆ ಹೊಗಳಿಕೆಯೇ ಕುತ್ತಿಗೆಗೆ ಬಂತು. ಹೆಂಡತಿ, ಮಗಳು ಇರುವ ಊರಿಗೆ ವರ್ಗ ಕೇಳಿ ಆರು ವರ್ಷವಾಗಿತ್ತು; ಅರ್ಜಿ ಪ್ರೊಫೆಸರರ ಮೇಜಿನೊಳಗೆ ಬೆಚ್ಚಗೆ ಮಲಗಿತ್ತು.

ಪ್ರೊಫೆಸರರು ಒಂದು ಬ್ಯಾಕ್ಟೀರಿಯಾದ ಕಿಣ್ವದ ಬೆನ್ನು ಹತ್ತಿದ್ದರು. ಹಣ್ಣಿನ ಸಕ್ಕರೆಯನ್ನು ಹಿಡಿದು, ಅದರ ಮೂರನೆಯ ಇಂಗಾಲದ ಹೈಡ್ರೋಜನನ್ನು ಒಂದು ಮಗ್ಗುಲಿಂದ ಕಿತ್ತು ಇನ್ನೊಂದು ಮಗ್ಗುಲಿಗೆ ಅಂಟಿಸಿ, ಪ್ರಕೃತಿಯಲ್ಲಿ ಚೂರುಪಾರು ಸಿಗುವ ಅಪರೂಪದ ಸಕ್ಕರೆ ಮಾಡಿಬಿಡುವ ಕಿಣ್ವ. ತಿಂದರೆ ಸಿಹಿ, ಮೈಗೆ ಹತ್ತುವುದಿಲ್ಲ. ಆದರೆ ಮಾಡಿದ್ದನ್ನು ಅದೇ ಕಿಣ್ವ ಮತ್ತೆ ಹಳೆಯ ಸಕ್ಕರೆಯಾಗಿಯೂ ತಿರುಗಿಸುತ್ತಿತ್ತು. ಮೂರರಲ್ಲೊಂದು ಪಾಲು ಬದಲಾಗುವಷ್ಟರಲ್ಲಿ ಹೋದದ್ದು, ಬಂದದ್ದು ಸರಿಸಮ. ಪೀಪಾಯಿಯಂಥ ಅದರ ಒಡಲಲ್ಲಿ, ಲೋಹದ ಕಣವೊಂದರ ಪಕ್ಕ, ಸಕ್ಕರೆ ಹೇಗೆ ಕೂರುತ್ತದೆಂದು ಚಿತ್ರ ಸಿಕ್ಕರೆ ಕಿಣ್ವವನ್ನು ತಿದ್ದಿ, ಆ ಮೂರರಲ್ಲೊಂದು ಪಾಲಾದರೂ ಬೇಗ ಸಿಗುವಂತೆ ಚುರುಕುಗೊಳಿಸಬಹುದಿತ್ತು. ಆ ಚಿತ್ರ ಕೈಗೆ ಬಂದ ದಿನವೇ ಸಹಿ ಎಂದು ಪ್ರೊಫೆಸರರು ಮಾತು ಕೊಟ್ಟಿದ್ದರು.

ಚಿತ್ರ ಬಂತು. ಸಕ್ಕರೆ ಉಣಿಸಿದ ಹರಳಿನ ಮೂಲಕ ಕ್ಷ-ಕಿರಣ ಹಾಯಿಸಿ ಪಡೆದ ನಕ್ಷೆಯಲ್ಲಿ, ಲೋಹಕ್ಕೆ ಅಂಟಿಕೊಂಡಂತೆ ಒಂದು ಉಬ್ಬು. ಪ್ರೊಫೆಸರರು ಅದರೊಳಗೆ ಸಕ್ಕರೆಯ ಆರು ಇಂಗಾಲಗಳನ್ನು ಕೂರಿಸಿದರು. ಮೂರು ಕೂತವು, ಮೂರು ಹೊರಗೆ ನೇತಾಡಿದವು. ನೇತಾಡುವವು ಅಲುಗಾಡುತ್ತಿರುವುದರಿಂದ ನಕ್ಷೆಯಲ್ಲಿ ಮೂಡಿಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಇಂಥ ಸಮಾಧಾನಕ್ಕೆ ತುಂಬಾ ಓದಿರಬೇಕು. ಅರ್ಜಿ ಹೊರಬಂತು, ಪೆನ್ನೂ ತೆರೆಯಿತು.

ಹರಳಣ್ಣ ಮಾತ್ರ ಉಬ್ಬಿನೊಳಗೆ ಕೂತ ಮೂರನ್ನೇ ಮತ್ತೆ ಮತ್ತೆ ಎಣಿಸುತ್ತಿದ್ದ. ಕ್ಷ-ಕಿರಣಕ್ಕೆ ಒಡ್ಡುವ ಮುನ್ನ ಹೆಪ್ಪುಗಟ್ಟಿಸುವ ದ್ರವ ಸಾರಜನಕದ ಚಳಿಗೆ ಹರಳು ಬಿರಿಯದಿರಲೆಂದು ಮೊದಲು ಗ್ಲಿಸರಿನ್‌ನಲ್ಲಿ ಅದ್ದುವುದು ಆತನ ಇಪ್ಪತ್ತು ವರ್ಷದ ರೂಢಿ. ಗ್ಲಿಸರಿನ್‌ಗೆ ಇಂಗಾಲ ಮೂರೇ. ಅರ್ಧ ಸಕ್ಕರೆಯಂತಿರುವ ಅದು, ಸಕ್ಕರೆಯನ್ನು ಹೊರದಬ್ಬಿ ಜಾಗ ಹಿಡಿದಿತ್ತು. ಈ ಕಿಣ್ವಕ್ಕೆ ಗ್ಲಿಸರಿನ್ ಬೇಡ ಎಂದು ಗೋಡೆಗೆ ಚೀಟಿ ಅಂಟಿಸಿದವನೂ ಆತನೇ. ಕಣ್ಣು ಓದಿತ್ತು, ಕೈ ಓದಿರಲಿಲ್ಲ.

ಬಾಯಿ ಮುಚ್ಚಿಕೊಂಡರೆ ವಾರದಲ್ಲಿ ಮನೆ. ಸಹಿಯ ಮೊದಲ ಅಕ್ಷರ ಬೀಳುವವರೆಗೂ ಮುಚ್ಚಿಕೊಂಡೇ ನೋಡಿದ.

"ಸಾರ್, ಅದು ಸಕ್ಕರೆ ಅಲ್ಲ. ನಾನು ಹಾಕಿದ ಗ್ಲಿಸರಿನ್ನು."

ಪ್ರೊಫೆಸರರು ಕಂಪ್ಯೂಟರ್ ಪರದೆಯತ್ತ ತಿರುಗಿದರು. ನೇತಾಡುತ್ತಿದ್ದ ಮೂರು ಇಂಗಾಲಗಳನ್ನು ಒಂದೊಂದಾಗಿ ಅಳಿಸಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಇಷ್ಟು ಗೊತ್ತಿರೋ ಮನುಷ್ಯನ್ನ ನಾನು ಹೇಗಪ್ಪಾ ಬಿಟ್ಟುಕೊಡ್ಲಿ?" ಎಂದು ಅಕ್ಕರೆಯಿಂದಲೇ ಹೇಳಿ ಪೆನ್ನು ಮುಚ್ಚಿದರು.

ಸಂಜೆ ಹೆಂಡತಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದ. ಆಕೆ, "ಹೇಳದೇ ಇದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು ರೀ?" ಎಂದಳು.

"ನಂಗೆ ಗೊತ್ತಾಗಿತ್ತಲ್ಲ ಕಣೇ," ಎಂದ. ಗೊತ್ತಾಗದೇ ಇದ್ದಿದ್ದರೇ ಚೆನ್ನಾಗಿತ್ತು ಎಂದು ಅನ್ನಿಸಿತಾದರೂ, ಅದನ್ನು ಮಾತ್ರ ಹೇಳಲಿಲ್ಲ.