ಬಾಟಲಿಯೊಳಗಿನ ತೊಗರಿ ಗೆರೆ

ನನ್ನ ಮೊಮ್ಮಗಳು ಅಂಕಿ ಕಲಿಯುವ ಮೊದಲೇ ಒಂದು ಬಾಟಲಿ ಓದಲು ಕಲಿತಳು. ದವಾಖಾನೆಯ ಗಾಜಿನ ಸಲಾಯಿನ್ ಬಾಟಲಿ ಅದು. ನಿಂಬರ್ಗಾದ ನಮ್ಮ ಮನೆಯ ಗೋಡೆಯ ಮಾಡದಲ್ಲಿ ನಿಂತಿದೆ. ತಳದಲ್ಲಿ ಕೆಂಪು ತೊಗರಿ, ನಡುವೆ ಕೆಂಪು ಬಿಳುಪು ಪಟ್ಟೆ ಪಟ್ಟೆ, ಮೇಲೆಲ್ಲ ಬಿಳಿ ಜೋಳ. ಆ ಬಿಳುಪಿನೊಳಗೆ ತೆಳ್ಳಗೆ ಒಂದು ಕೆಂಪು ಗೆರೆ. ಮನೆಗೆ ಯಾರೇ ಬರಲಿ, ಅದರ ಮೇಲೆ ಬೆರಳಿಟ್ಟು ಹೇಳುತ್ತಾಳೆ: "ಇಲ್ಲಿ ನಮ್ಮ ಮುತ್ಯಾ ಕುಡದಾನ."

ಆ ಮುತ್ಯಾ, ಅವಳ ಅಜ್ಜ, ನಾನೇ. ನನಗೆ ನಾಚಿಕೆ ಬರುವುದಿಲ್ಲ. ಎದೆ ಉಬ್ಬುತ್ತದೆ. ಯಾಕೆಂದು ಬರೆಯುತ್ತೇನೆ. ನಾನು ಓದಿದ್ದು ಎರಡನೇ ಇಯತ್ತೆ. ಅಕ್ಷರ ಸೊಟ್ಟಗಿದ್ದರೆ ಓದುವವರೇ ನೆಟ್ಟಗೆ ಮಾಡಿಕೊಳ್ಳಬೇಕು.

ಎಂಬತ್ತರ ದಶಕ ಅರ್ಧ ದಾಟಿತ್ತು. ಬೆಳಿಗ್ಗೆ ಎದ್ದರೆ ನನ್ನ ಕೈಗಳು ನಡುಗುತ್ತಿದ್ದವು. ಒಂದು ಗ್ಲಾಸು ಸಾರಾಯಿ ಒಳಗೆ ಹೋದ ಮೇಲೇ ನಿಲ್ಲುತ್ತಿದ್ದವು. ಒಬ್ಬಳೇ ಮಗಳು. ಅವಳನ್ನು ಅಫಜಲಪುರದ ಕಡೆ ಕೊಟ್ಟಿದ್ದೆವು. ಬಸುರಿಯಾಗಿ ಮೂರು ತಿಂಗಳಿಗೆ ಬಂದವಳು ನಮ್ಮ ಹೊಸ್ತಿಲಲ್ಲೇ ನಿಂತು ಹೇಳಿದಳು: "ಅಪ್ಪಾ, ನೀ ಬಿಡ್ತೇನಿ ಅಂತ ಆಣಿ ಮಾಡಿದ್ದು ನನಗ ಲೆಕ್ಕ ಹತ್ತಂಗಿಲ್ಲ. ಇನ್ನ ನಿನ್ನ ಬಾಯಿ ಮಾತು ನಂಬಂಗಿಲ್ಲ. ಹಿಂಗ ಇದ್ರ ನಾ ಬಾಣಂತನಕ್ಕ ಈ ಮನಿಗಿ ಬರಂಗಿಲ್ಲ. ಕೂಸಿನೂ ನಿನ್ನ ಉಡಿಯಾಗ ಹಾಕಂಗಿಲ್ಲ."

ಚೊಚ್ಚಲ ಬಾಣಂತನ ತವರಲ್ಲಿ ಆಗದಿದ್ದರೆ ಊರಲ್ಲಿ ತಲೆ ಎತ್ತಿ ತಿರುಗುವುದು ಹೇಗೆ? ಅವಳವ್ವ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ಆ ದಿನಗಳಲ್ಲೇ ಜೇವರ್ಗಿ ಕಡೆಯಿಂದ ಒಬ್ಬರು ಡಾಕ್ಟರಬಾಯಿ, ಅಂದರೆ ಡಾಕ್ಟರಮ್ಮ, ನಮ್ಮ ಊರಿಗೆ ಬರತೊಡಗಿದರು. ಗಾಂಜಾ ಗಿಡದಿಂದ ತೆಗೆದ ಒಂದು ಔಷಧ ಕುಡಿತ ಬಿಡಿಸುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಬೇಕಿತ್ತಂತೆ. ಕುಡುಕರು ಬೇಕಾಗಿದ್ದರು. ನಮ್ಮಲ್ಲಿ ಅದಕ್ಕೇನು ಕಡಿಮೆ? ಚಾವಡಿ ತುಂಬಿತು. ನನ್ನ ಗೆಳೆಯ, ಪಕ್ಕದ ಹೊಲದವನು, ಎದ್ದು ನಿಂತ.

"ಬಾಯಾರ, ಒಂದ ನಶಾ ಬಿಡಿಸಾಕ ಇನ್ನೊಂದ ನಶಾ ಕೊಡ್ತೀರೇನ್ರಿ? ಹಂಗಿದ್ರ ನನ್ನ ಹೆಸರ ಮೊದಲ ಬರಕೊಳ್ರಿ!"

ಎಲ್ಲರೂ ನಕ್ಕರು. ಡಾಕ್ಟರಬಾಯಿಯೂ ನಕ್ಕರು. "ಕುಸುಬಿ ಗಿಡದ ತುಂಬಾ ಮುಳ್ಳ ಇರ್ತಾವ ಹೌದಿಲ್ರಿ? ಗಾಣದಾಗಿನ ಎಣ್ಯಾಗ ಮುಳ್ಳ ಇರ್ತಾವೇನು? ಹಂಗ ಇದು. ನಶಾದ ಭಾಗ ಬಿಟ್ಟು ಬ್ಯಾರೇದು ತಗದೀವಿ."

ನನಗೆ ಅದು ತಿಳಿಯಿತು. ಮುಂದಿನದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಧ ಜನಕ್ಕೆ ಖರೇ ಗುಳಿಗೆ, ಇನ್ನರ್ಧ ಜನಕ್ಕೆ ನೋಡಲು ಅದರಂತೆಯೇ ಇರುವ ಬರೀ ಹಿಟ್ಟಿನ ಗುಳಿಗೆ. ಯಾರಿಗೆ ಯಾವುದು ಎಂಬುದು ಮುಚ್ಚಿದ ಲಕೋಟೆಯಲ್ಲಿ ಇತ್ತು. ಪರೀಕ್ಷೆ ಮುಗಿಯುವ ತನಕ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ನಮ್ಮಲ್ಲಿ ಬರೆಯಲು ಬರುವವರು ಕಡಿಮೆ. ಅದಕ್ಕೆ ಅವರು ಎಲ್ಲರಿಗೂ ಒಂದೊಂದು ಖಾಲಿ ಬಾಟಲಿ, ಒಂದು ಸಣ್ಣ ಚಮಚ ಕೊಟ್ಟರು. ಕುಡಿದ ದಿನ ಒಂದು ಚಮಚ ತೊಗರಿ, ಕುಡಿಯದ ದಿನ ಒಂದು ಚಮಚ ಜೋಳ. ನಾಲ್ಕು ತಿಂಗಳಿಗೆ ಬಾಟಲಿ ತುಂಬಬೇಕು. ಅದನ್ನು ಕೇಳಿದಾಗಲೇ ನನ್ನ ತಲೆಯಲ್ಲಿ ಮಿಂಚಿತು: ಮಗಳು ನನ್ನ ಬಾಯಿಯನ್ನು ನಂಬುವುದಿಲ್ಲ, ಬಾಟಲಿಯನ್ನು ನಂಬಬಹುದು.

ಮೊದಲ ತಿಂಗಳು ಬರೀ ತೊಗರಿ. ಅಂಗಳದಲ್ಲಿ ಕೂತು ಚಮಚ ಎತ್ತಿದರೆ ಕೈ ನಡುಗಿ ಅರ್ಧ ಕಾಳು ನೆಲಕ್ಕೆ. ನಮ್ಮ ಕೋಳಿಗಳು ಹೊತ್ತು ತಿಳಿದುಕೊಂಡು ಸುತ್ತ ಸೇರುತ್ತಿದ್ದವು. "ನಿಮ್ಮ ಪರೀಕ್ಷಾದಾಗ ಕೋಳಿ ಪಾಸ್ ಆಗಾಕತ್ಯಾವು" ಎಂದು ಹೆಂಡತಿ ಅಣಕಿಸುತ್ತಿದ್ದಳು. ಎರಡನೇ ತಿಂಗಳು ನಡುನಡುವೆ ಜೋಳ ಕಂಡಿತು. ಮೂರನೆಯದರಲ್ಲಿ ಜೋಳವೇ ಜೋಳ. ಒಂದು ದಿನ ನೋಡುತ್ತೇನೆ, ಕೋಳಿ ಒಂದೂ ಬಂದಿಲ್ಲ. ನೆಲಕ್ಕೆ ಬಿದ್ದಿದ್ದರೆ ತಾನೇ ಬರುವುದು! ಕೈ ಮುಂದೆ ಚಾಚಿ ನೋಡಿಕೊಂಡೆ. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಬಾಟಲಿ ತುಂಬಲು ಹತ್ತು ದಿನ ಇದ್ದಾಗ ಆಳಂದ ಸಂತೆಯಲ್ಲಿ ಹಳೆಯ ಜೊತೆಗಾರರು ಸಿಕ್ಕರು. ಕುಡಿದು ಬಂದೆ. ಮರುದಿನ ಚಮಚದಲ್ಲಿ ತೊಗರಿ ತುಂಬುವಾಗ ಹೆಂಡತಿ ಕೈ ಹಿಡಿದಳು.

"ಏನ್ರಿ, ಇದೊಂದಿನ ಜೋಳಾ ಹಾಕ್ರಿ. ಯಾರ ನೋಡ್ತಾರ? ಮಗಳ ಏಳ ತಿಂಗಳ ಕುಬಸ ಮುಂದ ಬಂದದ. ನಿಮ್ಮ ಕಾಲಿಗಿ ಬೀಳ್ತೇನಿ."

ಅವಳ ಕೈ ಮೆಲ್ಲಗೆ ಬಿಡಿಸಿದೆ. ಸುಳ್ಳು ಹೇಳಿಯೇ ಮಗಳನ್ನು ಕಳೆದುಕೊಂಡವನು ನಾನು. ತೊಗರಿಯನ್ನೇ ಹಾಕಿದೆ. ಅವಳು ಅಂದು ನನಗೆ ರೊಟ್ಟಿ ಬಡಿಯಲಿಲ್ಲ.

ಕೊನೆಯ ದಿನ ಚಾವಡಿಯಲ್ಲಿ ಬಾಟಲಿಗಳ ಸಾಲು. ನೋಡಿದರೆ ನನ್ನದೊಂದು ಬಿಟ್ಟು ಎಲ್ಲವೂ ಬಿಳಿ, ತಳದಿಂದ ಬಾಯಿ ತನಕ. ಡಾಕ್ಟರಬಾಯಿಗೆ ಮೊದಲು ಹಿಗ್ಗಾಯಿತು. ನಾನು ಒಕ್ಕಲುತನ ಮಾಡುವವನು, ನನಗೆ ತಡೆಯಲಾಗಲಿಲ್ಲ.

"ಬಾಯಾರ, ಸಿಟ್ಟಾಗಬ್ಯಾಡ್ರಿ. ನಾಕ ತಿಂಗಳ ಕಾಳಿಗಿ ತಳದಾಗ ನುಸಿ ಹಿಡೀಬೇಕು. ನನ್ನದರಾಗ ನೋಡ್ರಿ, ಹಿಡದದ. ಇವೆಲ್ಲಾ ನಿನ್ನಿ ತುಂಬಿದ್ದು."

ಗೆಳೆಯ ತಲೆ ಕೆರೆದುಕೊಂಡ. "ತಪ್ಪ ತಿಳಕೋಬ್ಯಾಡ್ರಿ ಬಾಯಾರ. ನೀವ್ ಅಷ್ಟ ದೂರದಿಂದ ಬಸ್ಸಿನ್ಯಾಗ ಧೂಳ ಕುಡಕೋತ ಬರ್ತೀರಿ. ಗುಣಾ ಆಗಿಲ್ಲಂತ ಹ್ಯಾಂಗ ಹೇಳೂದು? ನಿಮ್ಮ ಮನಸ್ಸಿಗಿ ಬ್ಯಾಸರಾಗಬಾರದಂತ ತೊಗರಿ ಚೆಲ್ಲಿ ಜೋಳಾ ತುಂಬೀವಿ."

ಅವರು ಸಿಟ್ಟಾಗಲಿಲ್ಲ, ಆದರೆ ಮುಖ ಸಣ್ಣದಾಯಿತು. ಇಡೀ ಪರೀಕ್ಷೆ ಕೆಟ್ಟಿತ್ತು. ಲಕೋಟೆ ಒಡೆದರು. ನನಗೆ ಕೊಟ್ಟದ್ದು ಖರೇ ಗುಳಿಗೆಯೇ.

"ಅಂದ್ರ ಔಷಧ ಗೆದ್ದಂಗಲ್ರಿ?" ಎಂದೆ.

"ಒಂದ ತೆನಿ ನೋಡಿ ಹೊಲ ಹ್ಯಾಂಗದ ಅಂತ ಹೇಳ್ತೀಯೇನು?" ಎಂದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಔಷಧವೋ, ಮಗಳ ಮಾತೋ, ಇವತ್ತಿಗೂ ನಾನು ಹೇಳಲಾರೆ. ಅವರು ನನ್ನ ಬಾಟಲಿಯನ್ನು ಬೆಳಕಿಗೆ ಹಿಡಿದು ಎರಡೂ ಕಡೆ ತಿರುಗಿಸಿದರು. "ಜೇವರ್ಗ್ಯಾಗ ಮತ್ತ ಮೊದಲಿಂದ ಸುರು ಮಾಡ್ತೇನಿ. ಹ್ಯಾಂಗ ತುಂಬಬೇಕಂತ ಅಲ್ಲಿನವರಿಗಿ ನೀ ಬಂದು ಹೇಳಬೇಕು." ಎರಡನೇ ಇಯತ್ತೆಯವನಿಗೆ ಮಾಸ್ತರಿಕೆ!

ಕುಬಸದ, ಅಂದರೆ ಸೀಮಂತದ, ದಿನ ಬಾಟಲಿಯನ್ನು ಧೋತರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಅಫಜಲಪುರದ ಬಸ್ಸಿನಲ್ಲಿ ಕೂತೆ. ಹಸಿರು ಸೀರೆ ಉಟ್ಟು ಕೂತಿದ್ದ ಮಗಳ ಮುಂದೆ, ಬೀಗರ ಮುಂದೆ, ಅದನ್ನು ಬಿಚ್ಚಿ ಇಟ್ಟೆ. ಕೆಂಪು ಯಾವುದು, ಬಿಳುಪು ಯಾವುದು ಹೇಳಿದೆ. ಅವಳು ತಳದಿಂದ ಬೆರಳಾಡಿಸುತ್ತ ಮೇಲೆ ಬಂದಳು. ಆ ಗೆರೆಯ ಹತ್ತಿರ ಬೆರಳು ನಿಂತಿತು.

"ಇದೇನು?"

"ಆಳಂದ ಸಂತಿ. ಕುಡದೆ."

"ಆಮ್ಯಾಲ?"

"ಇಲ್ಲ. ಮ್ಯಾಲ ನೋಡು, ಜೋಳ ಅದ."

ಅವಳು ಬಾಟಲಿಯನ್ನು ಉಡಿಯಲ್ಲಿ ಇಟ್ಟುಕೊಂಡಳು. "ಬರೀ ಬಿಳೀ ಬಾಟ್ಲಿ ತಂದಿದ್ರ ನಾ ಬರ್ತಿದ್ದಿಲ್ಲಪ್ಪಾ" ಎಂದಳು. "ನಡಿ, ಬರ್ತೇನಿ."

ಎರಡು ತಿಂಗಳಿಗೆ ನಮ್ಮ ಪಡಸಾಲೆಯಲ್ಲಿ ಕೂಸಿನ ಅಳು ಕೇಳಿತು. ಮಗಳೇ ತಂದು ನನ್ನ ಉಡಿಯಲ್ಲಿ ಹಾಕಿದಳು. ಒಂದು ಹಿಡಿ ಜೀವ. ಕೈ ನಡುಗಲಿಲ್ಲ. ಇಡೀ ಓಣಿಗೆ ಬೆಲ್ಲ ಹಂಚಿದೆ, ಸಾಲದೆ ಮರುದಿನವೂ ಹಂಚಿದೆ.

ಆಮೇಲೆ ಜೇವರ್ಗಿಗೆ ಹೋದೆ. ಅಲ್ಲಿಯವರ ಮುಂದೆ ಬಾಟಲಿ ಇಟ್ಟು, ನಮ್ಮೂರವರು ಮಾಡಿದ ತಪ್ಪನ್ನೂ ಹೇಳಿದೆ. ಮುಂದೆ ಕೂತಿದ್ದ ಒಬ್ಬ ಕೆಂಪು ಗೆರೆಯನ್ನು ನೋಡಿ ಕೇಳಿದ: "ಕಾಕಾ, ಇದರ ಮ್ಯಾಲ ಒಂದು ಕಾಗದ ಹಚ್ಚಿ ಮುಚ್ಚಬೇಕಿತ್ತಿಲ್ಲೇನು?"

"ಆ ಗೆರಿ ನೋಡೇ ನನ್ನ ಮಗಳು ಮನಿಗಿ ಬಂದಾಳಪ್ಪಾ. ಮುಚ್ಚಲೇನು?"

ಅವನು ತನ್ನ ಖಾಲಿ ಬಾಟಲಿ ತೆಗೆದುಕೊಂಡ, ಜೋಳಕ್ಕೆ ಕೈ ಹಾಕಿದ, ತಡೆದ.

"ಮುಂಜಾನಿ ಜರಾ ಕುಡದೀನ್ರಿ ಕಾಕಾ."

"ಹಂಗಾದ್ರ ತೊಗರಿ ಹಾಕು" ಎಂದು ನನ್ನ ಚಮಚ ಅವನ ಕೈಗೆ ಕೊಟ್ಟೆ.